ಪ್ರಶ್ನೆ-ಉತ್ತರ: ಎರಡು ಡೇಟಾ ಪಕ್ಕಪಕ್ಕ ಇಟ್ಟು ನೋಡೋದು ಹೇಗೆ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಹೆಚ್ಚಿನವು ಬಾಕ್ಸ್ ಪ್ಲಾಟ್, ಡಾಟ್ ಪ್ಲಾಟ್ ಬಗ್ಗೆನೇ ಇವೆ. ಶಾಲೆ ಮಕ್ಕಳ ಅಪ್ಪ-ಅಮ್ಮಂದಿರು, ಟೀಚರ್‌ಗಳು, ಡಿಗ್ರಿ ಪ್ರಾಜೆಕ್ಟ್ ಮಾಡ್ತಿರೋರು ಎಲ್ಲರೂ ಬರೆದಿದ್ದಾರೆ, ಎಲ್ಲರೂ ಸಿಕ್ಕಿಹಾಕ್ಕೊಂಡಿರೋದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ: ಚಿತ್ರ ಬರೆಯೋಕೆ ಬರುತ್ತೆ, ಬರೆದ ಮೇಲೆ ಏನು ಹೇಳ್ಬೇಕು ಅಂತ ಗೊತ್ತಾಗಲ್ಲ. ಅದಕ್ಕೆ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಪೂರ್ತಿ ಇದನ್ನೇ ತಗೊಂಡಿದೀನಿ.

ಪ್ರಶ್ನೆ: ಎರಡು ಗುಂಪಿಗೆ ಒಂದೇ ಟೆಸ್ಟ್ ಕೊಟ್ಟಿದ್ವಿ. ಬಾಕ್ಸ್ ಪ್ಲಾಟ್ ಹಾಕಿ ನೋಡಿದ್ರೆ ಮೊದಲನೇ ಗುಂಪಿನ ಮೀಡಿಯನ್ (ಅಂಕಗಳನ್ನ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ರೆ ನಟ್ಟನಡುವೆ ಬರೋದು) 62, ಎರಡನೇದರದ್ದು 70. ಹಾಗಾದ್ರೆ ಎರಡನೇ ಗುಂಪೇ ಚೆನ್ನಾಗಿ ಮಾಡಿದೆ ಅಂತ ರಿಪೋರ್ಟಲ್ಲಿ ಬರೆದುಬಿಡಬಹುದಾ?

ಉತ್ತರ: ಈಗಲೇ ಬರೀಬೇಡಿ, ಅರ್ಧ ಕೆಲಸ ಇನ್ನೂ ಬಾಕಿ ಇದೆ. 62ಕ್ಕೂ 70ಕ್ಕೂ 8 ಅಂಕ ವ್ಯತ್ಯಾಸ ಇದೆ, ಸರಿ, ಆದ್ರೆ ಈ 8 ಅನ್ನೋದು ದೊಡ್ಡದಾ ಚಿಕ್ಕದಾ ಅಂತ ಆ 8 ಒಂದನ್ನೇ ಎಷ್ಟು ಹೊತ್ತು ನೋಡಿದ್ರೂ ಗೊತ್ತಾಗಲ್ಲ, ಪ್ರತಿ ಗುಂಪಿನ ಒಳಗೆ ಅಂಕಗಳು ಎಷ್ಟು ಚದುರಿವೆ ಅನ್ನೋದರ ಜೊತೆ ಇಟ್ಟು ನೋಡಿದಾಗ ಮಾತ್ರ ಅದಕ್ಕೆ ಒಂದು ಅರ್ಥ ಬರೋದು.

ಬಾಕ್ಸ್ ಪ್ಲಾಟಲ್ಲಿ ಐದು ಸಂಖ್ಯೆ ಇರುತ್ತೆ: ಎಲ್ಲಕ್ಕಿಂತ ಕಡಿಮೆ, ಮೊದಲ ಕ್ವಾರ್ಟೈಲ್ (ಸುಮಾರು ಕಾಲು ಭಾಗ ಡೇಟಾ ಇದರ ಕೆಳಗೆ), ಮೀಡಿಯನ್, ಮೂರನೇ ಕ್ವಾರ್ಟೈಲ್ (ಸುಮಾರು ಮುಕ್ಕಾಲು ಭಾಗ ಇದರ ಕೆಳಗೆ), ಎಲ್ಲಕ್ಕಿಂತ ಹೆಚ್ಚು. ಬಾಕ್ಸ್ ಅಂದ್ರೆ ಮೊದಲ ಕ್ವಾರ್ಟೈಲಿಂದ ಮೂರನೇದರ ತನಕ, ಮಧ್ಯದ ಅರ್ಧದಷ್ಟು ಡೇಟಾ ಇರೋ ಜಾಗ. ಆ ಬಾಕ್ಸಿನ ಉದ್ದಕ್ಕೆ ಐಕ್ಯೂಆರ್ ಅಂತಾರೆ. ಬಾಕ್ಸಿನ ಎರಡೂ ತುದಿಯಿಂದ ಆಚೆ ಹೋಗೋ ಗೆರೆಗಳನ್ನ ಬಾಲ ಅನ್ನೋಣ. ಈಗ ನಿಮ್ಮ ಎರಡು ಗುಂಪಿಗೆ ಎರಡು ಬೇರೆ ಬೇರೆ ಸಾಧ್ಯತೆ ಯೋಚನೆ ಮಾಡಿ.

ಒಂದು, ಮೊದಲನೇ ಗುಂಪಿನ ಬಾಕ್ಸ್ 50ರಿಂದ 74, ಎರಡನೇದು 58ರಿಂದ 82. ಎರಡರದ್ದೂ ಐಕ್ಯೂಆರ್ 24. ಮೀಡಿಯನ್ ವ್ಯತ್ಯಾಸ 8, ಅಂದ್ರೆ ಬಾಕ್ಸಿನ ಉದ್ದದ ಮೂರನೇ ಒಂದು ಭಾಗ ಅಷ್ಟೇ. ಇಲ್ಲಿ ಮೊದಲನೇ ಗುಂಪಿನ ಕಡೇಪಕ್ಷ ಕಾಲು ಭಾಗ ಜನ 74 ಅಥವಾ ಅದಕ್ಕಿಂತ ಜಾಸ್ತಿ ತಗೊಂಡಿದ್ದಾರೆ, ಎರಡನೇ ಗುಂಪಿನ ಮೀಡಿಯನ್ 70 ದಾಟಿಬಿಟ್ಟಿದ್ದಾರೆ. ಬಾಕ್ಸ್‌ಗಳು 58ರಿಂದ 74ರ ತನಕ ಒಂದರ ಮೇಲೊಂದು ಕೂತಿವೆ. ಇಂಥಾ ಕಡೆ ‘ಎರಡನೇ ಗುಂಪು ಸ್ವಲ್ಪ ಮೇಲಿದೆ, ಆದ್ರೆ ಎರಡೂ ತುಂಬಾ ಬೆರೆತುಹೋಗಿವೆ’ ಅಂತ ಬರೀಬೇಕು, ಅದಕ್ಕಿಂತ ಜಾಸ್ತಿ ಬರೀಬಾರದು.

ಇನ್ನೊಂದು, ಮೊದಲನೇದು 59ರಿಂದ 64, ಎರಡನೇದು 68ರಿಂದ 73. ಐಕ್ಯೂಆರ್ 5. ಈಗಲೂ ಮೀಡಿಯನ್ ಅವೇ 62 ಮತ್ತು 70, ವ್ಯತ್ಯಾಸ ಅದೇ 8, ಆದ್ರೆ ಈಗ ಅದು ಬಾಕ್ಸಿನ 1.6 ಪಟ್ಟು. ಮೊದಲನೇ ಗುಂಪಿನ ಮುಕ್ಕಾಲು ಭಾಗ 64 ಅಥವಾ ಅದರ ಕೆಳಗೆ, ಎರಡನೇ ಗುಂಪಿನ ಮುಕ್ಕಾಲು ಭಾಗ 68 ಅಥವಾ ಅದರ ಮೇಲೆ. ಇಲ್ಲಿ ಧೈರ್ಯವಾಗಿ ಹೇಳಿ, ಎರಡನೇ ಗುಂಪು ಸ್ಪಷ್ಟವಾಗಿ ಮೇಲಿದೆ ಅಂತ.

ನೋಡಿದ್ರಾ, ಅದೇ 62, ಅದೇ 70, ಆದ್ರೂ ತೀರ್ಮಾನ ಪೂರ್ತಿ ಬೇರೆ. ಮೀಡಿಯನ್ ವ್ಯತ್ಯಾಸವನ್ನ ಐಕ್ಯೂಆರ್‌ನಿಂದ ಭಾಗಿಸಿ ಬರೋ ಸಂಖ್ಯೆ ಬರೀದೆ ಯಾವ ಹೋಲಿಕೆಯನ್ನೂ ಮುಗಿಸಬಾರದು ಅಂತ ನನ್ನ ಅಭಿಪ್ರಾಯ, ಮಕ್ಕಳಿಗೂ ಮೊದಲ ದಿನದಿಂದ ಹಾಗೇ ಅಭ್ಯಾಸ ಮಾಡಿಸ್ಬೇಕು.

ನಿಜವಾದ ಡೇಟಾದಲ್ಲಿ ಇದನ್ನ ನೋಡ್ಬೇಕು ಅಂದ್ರೆ ಐರಿಸ್ ಹೂವಿನ ಡೇಟಾ ತಗೊಳ್ಳಿ. ಎಡ್ಗರ್ ಆಂಡರ್ಸನ್ ಸಂಗ್ರಹಿಸಿದ್ದು, ರೊನಾಲ್ಡ್ ಫಿಷರ್ 1936ರಲ್ಲಿ ತಮ್ಮ ಲೇಖನದಲ್ಲಿ ಬಳಸಿ ಪ್ರಸಿದ್ಧ ಮಾಡಿದ್ದು, ಮೂರು ಜಾತಿ, ಜಾತಿಗೆ 50 ಹೂವು. ದಳದ ಉದ್ದ ನೋಡಿದ್ರೆ ಸೆಟೋಸಾದಲ್ಲಿ ಅತಿ ಉದ್ದದ್ದು 1.9 ಸೆಂಟಿಮೀಟರ್, ವರ್ಸಿಕಲರ್‌ನಲ್ಲಿ ಅತಿ ಚಿಕ್ಕದು 3.0. ಮಧ್ಯೆ ಖಾಲಿ ಜಾಗ, ಒಂದು ಹೂವೂ ಇಲ್ಲ, ಅಲ್ಲಿ ವಾದಕ್ಕೆ ಜಾಗವೇ ಇಲ್ಲ. ಆದ್ರೆ ವರ್ಸಿಕಲರ್ ಮತ್ತು ವರ್ಜಿನಿಕಾ ಪಕ್ಕಪಕ್ಕ ಇಡಿ: ವರ್ಸಿಕಲರ್ ಬಾಕ್ಸ್ 4.0ರಿಂದ 4.6, ಮೀಡಿಯನ್ 4.35. ವರ್ಜಿನಿಕಾ ಬಾಕ್ಸ್ 5.1ರಿಂದ ಸುಮಾರು 5.9, ಮೀಡಿಯನ್ 5.55. ಬಾಕ್ಸ್‌ಗಳು ಮುಟ್ಟಲ್ಲ, ಮೀಡಿಯನ್ ವ್ಯತ್ಯಾಸ 1.2, ಅದು ವರ್ಸಿಕಲರ್ ಬಾಕ್ಸಿನ ಸರಿಯಾಗಿ ಎರಡು ಪಟ್ಟು. ಆದ್ರೂ ವರ್ಜಿನಿಕಾದ ಅತಿ ಚಿಕ್ಕ ದಳ 4.5, ವರ್ಸಿಕಲರ್‌ನ ಅತಿ ಉದ್ದದ್ದು 5.1, ಅಂದ್ರೆ ಬಾಲಗಳು ಒಂದರೊಳಗೊಂದು ಹೋಗಿವೆ. ಹಾಗಾಗಿ 4.8 ಸೆಂಟಿಮೀಟರ್ ದಳ ಇರೋ ಒಂದು ಹೂವು ಕೈಗೆ ಸಿಕ್ಕಿದ್ರೆ ಅದು ಯಾವ ಜಾತಿ ಅಂತ ಬರೀ ಈ ಅಳತೆಯಿಂದ ಹೇಳೋಕಾಗಲ್ಲ, ಎರಡು ಗುಂಪು ಒಟ್ಟಾರೆ ಎಷ್ಟೇ ಬೇರೆ ಇದ್ರೂ. ಗುಂಪಿನ ಬಗ್ಗೆ ಹೇಳೋ ಮಾತು ಬೇರೆ, ಗುಂಪಿನ ಒಬ್ಬ ಸದಸ್ಯನ ಬಗ್ಗೆ ಹೇಳೋ ಮಾತು ಬೇರೆ, ಹೋಲಿಕೆ ಮಾಡೋವಾಗ ಜನ ಇದನ್ನ ಬಹಳ ಬೇಗ ಮರೀತಾರೆ.

ಪ್ರಶ್ನೆ: ಸರ್, ನಮ್ಮ ಹತ್ರ ಎರಡು ಡೇಟಾ ಸೆಟ್ ಇದೆ, ಎರಡರ ಬಾಕ್ಸ್ ಪ್ಲಾಟೂ ಒಂದು ಕೂದಲೂ ವ್ಯತ್ಯಾಸ ಇಲ್ಲದೆ ಒಂದೇ ಥರ ಬಂದಿದೆ. ಗೈಡ್ ಮಾತ್ರ ಎರಡೂ ಒಂದೇ ಅಲ್ಲ ಅಂತಾರೆ. ಬಾಕ್ಸ್ ಒಂದೇ ಆದ್ಮೇಲೆ ಡೇಟಾ ಬೇರೆ ಹೇಗಾಗುತ್ತೆ?

ಉತ್ತರ: ನಿಮ್ಮ ಗೈಡ್ ಹೇಳಿದ್ದು ನೂರಕ್ಕೆ ನೂರು ಸರಿ, ಡಾಟ್ ಪ್ಲಾಟ್ ಯಾಕೆ ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಕಾರಣ ಇನ್ನೊಂದಿಲ್ಲ.

ಒಂದು ಪೇಪರ್ ತಗೊಳ್ಳಿ. ‘ಅ’ ಗುಂಪು: 10, 14, 15, 19, 20, 20, 20, 21, 25, 26, 30. ‘ಬ’ ಗುಂಪು: 10, 15, 15, 15, 16, 20, 24, 25, 25, 25, 30. ಎರಡರಲ್ಲೂ 11 ಸಂಖ್ಯೆ. ಆರನೇದು ಮೀಡಿಯನ್, ಎರಡರಲ್ಲೂ 20. ಮೀಡಿಯನ್ ಬಿಟ್ಟು ಕೆಳಗಿನ ಐದರ ಮಧ್ಯದ್ದು ಮೊದಲ ಕ್ವಾರ್ಟೈಲ್, ಎರಡರಲ್ಲೂ 15. ಮೇಲಿನ ಐದರ ಮಧ್ಯದ್ದು ಮೂರನೇ ಕ್ವಾರ್ಟೈಲ್, ಎರಡರಲ್ಲೂ 25. ಕಡಿಮೆ 10, ಹೆಚ್ಚು 30. ಐದಕ್ಕೆ ಐದೂ ಒಂದೇ, ಹಾಗಾಗಿ ಬಾಕ್ಸ್ ಪ್ಲಾಟ್ ಒಂದರ ಮೇಲೊಂದು ಇಟ್ರೆ ಗೆರೆ ಕೂಡ ಆಚೀಚೆ ಆಗಲ್ಲ.

ಈಗ ಅದೇ ಪೇಪರಲ್ಲಿ ಕೆಳಗೆ ಒಂದು ಸಂಖ್ಯಾರೇಖೆ ಎಳೆದು ಪ್ರತಿ ಸಂಖ್ಯೆಗೆ ಒಂದು ಚುಕ್ಕಿ ಇಡ್ತಾ ಹೋಗಿ, ಒಂದೇ ಸಂಖ್ಯೆ ಮತ್ತೆ ಬಂದ್ರೆ ಹಳೇ ಚುಕ್ಕಿ ಮೇಲೆ ಇನ್ನೊಂದು ಚುಕ್ಕಿ. ‘ಅ’ದಲ್ಲಿ 19, 20, 21ರ ಸುತ್ತ ಐದು ಚುಕ್ಕಿ ಒಂದೇ ಕಡೆ ಗುಡ್ಡೆ ಬೀಳುತ್ತೆ. ‘ಬ’ದಲ್ಲಿ 15ರ ಹತ್ರ ನಾಲ್ಕು, 25ರ ಹತ್ರ ನಾಲ್ಕು, ನಡುವೆ 20ರಲ್ಲಿ ಒಂದೇ ಒಂದು ಒಂಟಿ ಚುಕ್ಕಿ. ‘ಅ’ದಲ್ಲಿ ಮೀಡಿಯನ್ ಅನ್ನೋದು ನಿಜವಾಗ್ಲೂ ಗುಂಪಿನ ಪ್ರತಿನಿಧಿ. ‘ಬ’ದಲ್ಲಿ ಮೀಡಿಯನ್ ಹತ್ರ ಹೆಚ್ಚುಕಡಿಮೆ ಯಾರೂ ಇಲ್ಲ. ಇದು ಪರೀಕ್ಷೆ ಅಂಕ ಆಗಿದ್ರೆ ‘ಬ’ ಗುಂಪಲ್ಲಿ ಎರಡು ಬೇರೆ ಥರದ ಮಕ್ಕಳಿದ್ದಾರೆ, ಪಾಠ ಅರ್ಥ ಆದವರು ಮತ್ತು ಆಗದವರು, ಅವರಿಗೆ ಮಾಡ್ಬೇಕಾದ ಕೆಲಸವೂ ಬೇರೆ ಬೇರೆ, ಬಾಕ್ಸ್ ಮಾತ್ರ ನೋಡಿ ಕೂತಿದ್ರೆ ಆ ಮಕ್ಕಳು ಕಣ್ಣಿಗೇ ಬೀಳ್ತಿರಲಿಲ್ಲ.

ಇದು ನಾನು ಬೇಕಂತ ಹೆಣೆದ ಉದಾಹರಣೆ, ಪ್ರಕೃತಿಯಲ್ಲೂ ಇದೇ ಥರ ಇರುತ್ತೆ. ಅಮೆರಿಕದ ಯೆಲ್ಲೋಸ್ಟೋನ್ ಪಾರ್ಕಲ್ಲಿ ಓಲ್ಡ್ ಫೇತ್‌ಫುಲ್ ಅಂತ ಬಿಸಿನೀರಿನ ಬುಗ್ಗೆ ಇದೆ, ಅದು ಎಷ್ಟು ನಿಮಿಷ ಚಿಮ್ಮುತ್ತೆ ಅನ್ನೋದರ 272 ದಾಖಲೆ ‘ಆರ್’ ಅನ್ನೋ ಅಂಕಿಅಂಶದ ಸಾಫ್ಟ್‌ವೇರ್ ಜೊತೆಗೇ ಬರುತ್ತೆ. ಕಡಿಮೆ 1.6 ನಿಮಿಷ, ಹೆಚ್ಚು 5.1, ಮೀಡಿಯನ್ 4, ಬಾಕ್ಸ್ ಸುಮಾರು 2.2ರಿಂದ 4.5. ಬಾಕ್ಸ್ ನೋಡಿದವರು 3 ನಿಮಿಷ ಅನ್ನೋದು ಬಾಕ್ಸ್ ಒಳಗೇ ಇದೆಯಲ್ಲ, ಮಾಮೂಲಿ ಚಿಮ್ಮೋದೇ ಅಷ್ಟು ಹೊತ್ತು ಇರ್ಬೇಕು ಅಂದ್ಕೋತಾರೆ. ಚುಕ್ಕಿ ಇಟ್ಟು ನೋಡಿದ್ರೆ 2 ನಿಮಿಷದ ಹತ್ರ ಒಂದು ಗುಂಪು, 4.5ರ ಹತ್ರ ಇನ್ನೊಂದು ದೊಡ್ಡ ಗುಂಪು, 3ರ ಹತ್ರ ಹೆಚ್ಚುಕಡಿಮೆ ಬಯಲು. ಬಾಕ್ಸಿನ ಹೊಟ್ಟೆಯೊಳಗೆ ಅಷ್ಟು ದೊಡ್ಡ ಖಾಲಿ ಜಾಗ ಅಡಗಿರುತ್ತೆ, ಹೊರಗಿನಿಂದ ಒಂದು ಸುಳಿವೂ ಸಿಗಲ್ಲ. 2017ರಲ್ಲಿ ಜಸ್ಟಿನ್ ಮಟೇಕ ಮತ್ತು ಜಾರ್ಜ್ ಫಿಟ್ಜ್‌ಮಾರಿಸ್ ಅನ್ನೋ ಇಬ್ಬರು ಸಂಶೋಧಕರು ಕಂಪ್ಯೂಟರಲ್ಲಿ ಡೇಟಾವನ್ನ ನಿಧಾನಕ್ಕೆ ಬದಲಾಯಿಸ್ತಾ, ಚುಕ್ಕಿಗಳ ಆಕಾರ ಪೂರ್ತಿ ಬದಲಾದ್ರೂ ಬಾಕ್ಸ್ ಪ್ಲಾಟ್ ಅಲುಗಾಡದೆ ಹಾಗೇ ನಿಂತಿರೋದನ್ನ ತೋರಿಸಿದ್ರು. ಆಸಕ್ತಿ ಇರೋರು ಆ ಅನಿಮೇಶನ್ ಹುಡುಕಿ ನೋಡಿ, ನಿಜವಾಗ್ಲೂ ಕಣ್ಣು ತೆರೆಸುತ್ತೆ.

ನನ್ನ ಮಾತು ಇಷ್ಟು, ಡೇಟಾ ಇಪ್ಪತ್ತು ಮೂವತ್ತರ ಒಳಗಿದ್ರೆ ಬಾಕ್ಸ್ ಪ್ಲಾಟ್ ಒಂದನ್ನೇ ಹಾಕೋದಕ್ಕೆ ಯಾವ ಕಾರಣವೂ ಇಲ್ಲ, ಎಲ್ಲಾ ಚುಕ್ಕಿಗೂ ಜಾಗ ಇದ್ದೇ ಇದೆ, ತೋರಿಸಿ. ಸಾವಿರಗಟ್ಟಲೆ ಇದ್ದು, ಜೊತೆಗೆ ಗುಂಪುಗಳೂ ಹತ್ತು ಹದಿನೈದು ಇದ್ರೆ ಬಾಕ್ಸ್ ಪ್ಲಾಟೇ ಬೇಕು, ಅಲ್ಲಿ ಚುಕ್ಕಿ ಇಟ್ರೆ ಪುಟ ಪೂರ್ತಿ ಕಪ್ಪಾಗುತ್ತೆ.

ಪ್ರಶ್ನೆ: ಮಗಳ ಹೋಂವರ್ಕಲ್ಲಿ ಕೈಯಲ್ಲಿ ಲೆಕ್ಕ ಹಾಕಿದ ಕ್ವಾರ್ಟೈಲಿಗೂ ಎಕ್ಸೆಲ್ ಕೊಡೋ ಕ್ವಾರ್ಟೈಲಿಗೂ ತಾಳೆ ಆಗ್ತಿಲ್ಲ. ಮೂರು ಸಲ ಚೆಕ್ ಮಾಡಿದ್ವಿ. ಯಾವುದು ತಪ್ಪು?

ಉತ್ತರ: ಎರಡೂ ತಪ್ಪಲ್ಲ. ಕ್ವಾರ್ಟೈಲ್ ಲೆಕ್ಕ ಹಾಕೋಕೆ ಒಂದೇ ಕ್ರಮ ಅಂತ ಇಲ್ಲ, 1996ರಲ್ಲಿ ಹೈಂಡ್‌ಮನ್ ಮತ್ತು ಫ್ಯಾನ್ ಅನ್ನೋರು ಸಾಫ್ಟ್‌ವೇರ್‌ಗಳಲ್ಲಿ ಇರೋ ಕ್ರಮಗಳನ್ನ ಪಟ್ಟಿ ಮಾಡಿದ್ರೆ ಒಂಬತ್ತು ಸಿಕ್ಕಿದ್ವು. ಎಕ್ಸೆಲ್ ಒಳಗೇ ಎರಡಿವೆ, ಇಂಕ್ ಮತ್ತು ಎಕ್ಸ್‌ಸಿ ಅನ್ನೋ ಬಾಲ ಇರೋ ಎರಡು ಫಂಕ್ಷನ್. ಶಾಲೆಯಲ್ಲಿ ಸಾಮಾನ್ಯವಾಗಿ ಹೇಳಿಕೊಡೋದು ಮೀಡಿಯನ್ ಬಿಟ್ಟು ಎರಡು ಅರ್ಧ ಮಾಡೋ ಕ್ರಮ.

ಇದರಿಂದ ಎಷ್ಟು ವ್ಯತ್ಯಾಸ ಆಗಬಹುದು ಅಂತ ಮೇಲಿನ ‘ಅ’ ಗುಂಪಲ್ಲೇ ನೋಡಿ. ಮೀಡಿಯನ್ ಬಿಟ್ರೆ ಕ್ವಾರ್ಟೈಲ್ 15 ಮತ್ತು 25, ಬಾಕ್ಸ್ ಉದ್ದ 10. ಮೀಡಿಯನನ್ನ ಎರಡೂ ಅರ್ಧಕ್ಕೆ ಸೇರಿಸ್ಕೊಂಡ್ರೆ ಕೆಳಗಿನ ಆರು 10, 14, 15, 19, 20, 20, ಅದರ ಮಧ್ಯ 17. ಮೇಲಿನ ಆರು 20, 20, 21, 25, 26, 30, ಅದರ ಮಧ್ಯ 23. ಬಾಕ್ಸ್ ಉದ್ದ 6. ಅದೇ ಹನ್ನೊಂದು ಸಂಖ್ಯೆ, 10 ಇದ್ದ ಬಾಕ್ಸ್ 6 ಆಯ್ತು! ‘ಬ’ ಗುಂಪಿಗೆ ಮಾಡಿ ನೋಡಿ, ಎರಡೂ ಕ್ರಮದಲ್ಲಿ 15 ಮತ್ತು 25, ಬದಲಾಗೋದೇ ಇಲ್ಲ. ಹಾಗಾಗಿ ಯಾವ ಕ್ರಮ ಅನ್ನೋದಕ್ಕಿಂತ ಎರಡು ಗುಂಪಿಗೂ ಒಂದೇ ಕ್ರಮ ಅನ್ನೋದು ಮುಖ್ಯ, ಒಂದನ್ನ ಕೈಯಲ್ಲಿ ಇನ್ನೊಂದನ್ನ ಎಕ್ಸೆಲಲ್ಲಿ ಮಾಡಿ ಪಕ್ಕಪಕ್ಕ ಇಟ್ರೆ ಆ ಹೋಲಿಕೆ ನಂಬೋ ಹಾಗಿರಲ್ಲ. ಡೇಟಾ ದೊಡ್ಡದಾದಾಗ ಈ ವ್ಯತ್ಯಾಸ ಸಾಮಾನ್ಯವಾಗಿ ಕರಗಿಹೋಗುತ್ತೆ. ಮಗಳಿಗೆ ಹೇಳಿ, ಅವಳ ಪುಸ್ತಕದಲ್ಲಿ ಯಾವ ಕ್ರಮ ಇದೆಯೋ ಅದೇ ಬರೀಲಿ, ಅವಳ ಲೆಕ್ಕ ಸರಿಯಿದೆ.

ಪ್ರಶ್ನೆ: ಬಾಕ್ಸಿನ ಬಲಭಾಗ ಎಡಭಾಗಕ್ಕಿಂತ ಉದ್ದ ಇದ್ರೆ ಬಲಗಡೆ ಜಾಸ್ತಿ ಜನ ಇದ್ದಾರೆ ಅಂತಾನಾ?

ಉತ್ತರ: ಅಲ್ಲ, ಅಲ್ಲಿ ಜನ ದೂರ ದೂರ ನಿಂತಿದ್ದಾರೆ ಅಂತ. ಬಾಲ, ಬಾಕ್ಸಿನ ಒಂದು ಭಾಗ, ಇನ್ನೊಂದು ಭಾಗ, ಇನ್ನೊಂದು ಬಾಲ, ನಾಲ್ಕರಲ್ಲೂ ಸುಮಾರು ಕಾಲು ಕಾಲು ಭಾಗ ಡೇಟಾ. ಉದ್ದ ಇದ್ದಷ್ಟೂ ತೆಳು, ಗಿಡ್ಡ ಇದ್ದಷ್ಟೂ ದಟ್ಟ. ಡಾಟ್ ಪ್ಲಾಟಲ್ಲಿ ಜಾಸ್ತಿ ಜನ ಇರೋ ಕಡೆ ಗುಡ್ಡೆ ಎತ್ತರ ಆಗುತ್ತಲ್ಲ, ಅದೇ ಅಭ್ಯಾಸದಲ್ಲಿ ಬಾಕ್ಸ್ ಓದೋಕೆ ಹೋಗಿ ಎಲ್ಲರೂ ಎಡವೋದು ಇಲ್ಲೇ.

ಪ್ರಶ್ನೆ: ಒಂದು ಗುಂಪಲ್ಲಿ ಜನ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ ಇದ್ರೆ ಬಾಕ್ಸ್ ಪ್ಲಾಟಲ್ಲಿ ಹೋಲಿಸಬಹುದಾ? ಹೋಲಿಸಿದ್ರೆ ಎಷ್ಟು ನಂಬಬಹುದು?

ಉತ್ತರ: ಹೋಲಿಸಬಹುದು, ಆದ್ರೆ ಬಾಕ್ಸ್ ಪ್ಲಾಟ್ ತನ್ನ ಹಿಂದೆ ಎಷ್ಟು ಡೇಟಾ ಇದೆ ಅಂತ ಹೇಳೋದೇ ಇಲ್ಲ. 9 ಜನರ ಬಾಕ್ಸ್, 900 ಜನರ ಬಾಕ್ಸ್ ನೋಡೋಕೆ ಒಂದೇ ಥರ ಇರಬಹುದು. ಅದಕ್ಕೆ ಪ್ರತಿ ಬಾಕ್ಸ್ ಪಕ್ಕ ಎಷ್ಟು ಜನ ಅಂತ ಬರೀಲೇಬೇಕು, ಇದರಲ್ಲಿ ವಿನಾಯಿತಿ ಕೊಡಬೇಡಿ.

1978ರಲ್ಲಿ ಮೆಕ್‌ಗಿಲ್, ಟ್ಯೂಕಿ, ಲಾರ್ಸನ್ ಅನ್ನೋ ಮೂವರು ಇದಕ್ಕೆ ಒಂದು ದಾರಿ ಕೊಟ್ರು. ಮೀಡಿಯನ್ ಇರೋ ಕಡೆ ಬಾಕ್ಸಿಗೆ ಎರಡೂ ಬದಿ ಒಂದು ಕಚ್ಚು ಹಾಕೋದು. ಕಚ್ಚಿನ ಉದ್ದ ಮೀಡಿಯನ್‌ನಿಂದ ಆಚೆ ಈಚೆ ಎಷ್ಟು ಅಂದ್ರೆ ಸುಮಾರು 1.57ನ್ನ ಐಕ್ಯೂಆರ್‌ನಿಂದ ಗುಣಿಸಿ, ಜನರ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟು. ಎರಡು ಗುಂಪಿನ ಕಚ್ಚುಗಳು ಒಂದರ ಮೇಲೊಂದು ಬರದಿದ್ರೆ ಮೀಡಿಯನ್ ವ್ಯತ್ಯಾಸ ಬರೀ ಅದೃಷ್ಟದಿಂದ ಬಂದಿದ್ದಲ್ಲ ಅಂತ ಒಂದು ಅಂದಾಜು ಮಾಡಬಹುದು.

ಮೊದಲ ಪ್ರಶ್ನೆಯ 62 ಮತ್ತು 70ಕ್ಕೇ ಹಾಕೋಣ, ಐಕ್ಯೂಆರ್ 24 ಇರೋ ಮೊದಲ ಸಾಧ್ಯತೆಗೆ. ಗುಂಪಿಗೆ 9 ಜನ ಇದ್ರೆ ವರ್ಗಮೂಲ 3, ಕಚ್ಚು ಸುಮಾರು 12.6. 62ರ ಕಚ್ಚು 74ರ ಮೇಲೆ ಹೋಗುತ್ತೆ, 70ರ ಕಚ್ಚು 58ರ ಕೆಳಗೆ ಬರುತ್ತೆ, ಎರಡೂ ಪೂರ್ತಿ ಬೆರೆತುಹೋದ್ವು, 8 ಅಂಕದ ವ್ಯತ್ಯಾಸದ ಬಗ್ಗೆ ಏನೂ ಹೇಳೋಕಾಗಲ್ಲ. ಅದೇ ಗುಂಪಿಗೆ 144 ಜನ ಇದ್ರೆ ವರ್ಗಮೂಲ 12, ಕಚ್ಚು ಸುಮಾರು 3.1. 62ರದ್ದು 65.1ಕ್ಕೆ ನಿಲ್ಲುತ್ತೆ, 70ರದ್ದು 66.9ರಲ್ಲಿ ಶುರು. ಬೇರೆ ಆದ್ವು. ಅಂದ್ರೆ ವ್ಯತ್ಯಾಸ ನಿಜವಾಗ್ಲೂ ಇದೆ ಅನ್ನಬಹುದು, ಆದ್ರೆ ಗಮನಿಸಿ, ಗುಂಪುಗಳು ಬೆರೆತಿರೋದು ಹಾಗೇ ಇದೆ, ವ್ಯತ್ಯಾಸ ಈಗಲೂ ಬಾಕ್ಸಿನ ಮೂರನೇ ಒಂದು ಭಾಗವೇ. ಇದೆಯಾ ಇಲ್ವಾ ಅನ್ನೋದು ಒಂದು ಪ್ರಶ್ನೆ, ಎಷ್ಟು ದೊಡ್ಡದು ಅನ್ನೋದು ಇನ್ನೊಂದು, ಜನ ಜಾಸ್ತಿ ಆದಷ್ಟೂ ಮೊದಲನೇದಕ್ಕೆ ಖಚಿತ ಉತ್ತರ ಸಿಗುತ್ತೆ, ಎರಡನೇದು ಜನ ಜಾಸ್ತಿ ಆದ್ರು ಅಂತ ದೊಡ್ಡದಾಗಲ್ಲ. ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಈ ಎರಡನ್ನೂ ಕಲಸಿ ಬರೆಯೋದು ನೋಡಿದ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ, ಯಾಕಂದ್ರೆ ಅಷ್ಟು ಕಷ್ಟಪಟ್ಟು ತಂದ ಡೇಟಾ ಕೊನೇ ಸಾಲಲ್ಲಿ ಹಾಳಾಗುತ್ತೆ.

ಪ್ರಶ್ನೆ: ಬಾಕ್ಸ್ ಪ್ಲಾಟಲ್ಲಿ ಬಾಲದ ಆಚೆ ಒಂದೆರಡು ಚುಕ್ಕಿ ಬರುತ್ತಲ್ಲ, ಔಟ್‌ಲೈಯರ್, ಅವನ್ನ ತೆಗೆದುಹಾಕಿ ಆಮೇಲೆ ಹೋಲಿಸ್ಬೇಕಂತೆ, ಹೌದಾ?

ಉತ್ತರ: ಇಲ್ಲ, ದಯವಿಟ್ಟು ತೆಗೀಬೇಡಿ. ಆ ನಿಯಮ ಬಂದಿದ್ದು ಜಾನ್ ಟ್ಯೂಕಿ ಅವರಿಂದ, ಈಗ ನಾವು ಬಳಸೋ ಬಾಕ್ಸ್ ಪ್ಲಾಟನ್ನ ಜನಪ್ರಿಯ ಮಾಡಿದವರು ಅವರೇ, 1977ರ ತಮ್ಮ ಪುಸ್ತಕದಲ್ಲಿ. ಅದಕ್ಕೂ ಮುಂಚೆ 1952ರಲ್ಲೇ ಮೇರಿ ಎಲೀನರ್ ಸ್ಪಿಯರ್ ಅನ್ನೋರು ಇದೇ ಥರದ ರೇಂಜ್ ಬಾರ್ ಕೊಟ್ಟಿದ್ರು, ಅವರ ಹೆಸರು ಕ್ಲಾಸಲ್ಲಿ ಯಾರೂ ಹೇಳಲ್ಲ, ಹೇಳ್ಬೇಕು. ನಿಯಮ ಇಷ್ಟು: ಐಕ್ಯೂಆರ್‌ನ ಒಂದೂವರೆ ಪಟ್ಟು ಮಾಡಿ, ಬಾಕ್ಸಿನ ಎರಡೂ ತುದಿಯಿಂದ ಅಷ್ಟು ದೂರ ಒಂದು ಬೇಲಿ ಅಂದ್ಕೊಳ್ಳಿ, ಬೇಲಿ ಆಚೆ ಇರೋದನ್ನ ಬಿಡಿ ಚುಕ್ಕಿಯಾಗಿ ತೋರಿಸಿ. ಬಾಲ ಬೇಲಿ ತನಕ ಹೋಗಲ್ಲ, ಬೇಲಿ ಒಳಗಿನ ಕೊನೇ ನಿಜವಾದ ಡೇಟಾ ತನಕ ಮಾತ್ರ, ಇದನ್ನ ತಪ್ಪು ಬರೆಯೋರು ಬಹಳ.

ಇದು ‘ಇಲ್ಲೊಮ್ಮೆ ನೋಡಿ’ ಅಂತ ಕರೆಯೋ ಗುರುತು ಅಷ್ಟೇ. ಏನೂ ತೊಂದರೆ ಇಲ್ಲದ, ಗಂಟೆ ಆಕಾರದ ನಾರ್ಮಲ್ ಡೇಟಾದಲ್ಲೂ ಸುಮಾರು 0.7 ಪರ್ಸೆಂಟ್ ಬೇಲಿ ಆಚೆ ಬೀಳುತ್ತೆ, ಸಾವಿರಕ್ಕೆ ಏಳು. ಐರಿಸ್ ವರ್ಸಿಕಲರ್‌ನಲ್ಲಿ ಐಕ್ಯೂಆರ್ 0.6, ಒಂದೂವರೆ ಪಟ್ಟು 0.9, ಕೆಳಗಿನ ಬೇಲಿ 3.1, ಹಾಗಾಗಿ 3.0 ಸೆಂಟಿಮೀಟರಿನ ಆ ದಳ ಔಟ್‌ಲೈಯರ್ ಆಗುತ್ತೆ. ಆ ಹೂವು ಏನು ತಪ್ಪು ಮಾಡಿದೆ? ಅದು ಚಿಕ್ಕ ದಳದ ಹೂವು, ಅಷ್ಟೇ. ಟೈಪ್ ಮಾಡೋವಾಗ 30 ಹೋಗಿ 300 ಆಗಿದ್ರೆ ತಿದ್ದಿ, ಬೇರೆ ಗುಂಪಿನವರು ಸೇರ್ಕೊಂಡಿದ್ರೆ ಹೊರಗಿಡಿ, ಕಾರಣ ಬರೆದಿಡಿ. ದೂರ ಇದೆ ಅನ್ನೋದು ಮಾತ್ರ ತೆಗೆಯೋಕೆ ಕಾರಣ ಆಗಲ್ಲ. ಅದರಲ್ಲೂ ಎರಡು ಗುಂಪು ಹೋಲಿಸೋವಾಗ ಒಂದರಿಂದ ತೆಗೆದು ಇನ್ನೊಂದರಲ್ಲಿ ಬಿಟ್ರೆ ಬೇಕಾದ ಉತ್ತರವನ್ನ ನೀವೇ ತಯಾರು ಮಾಡಿದ ಹಾಗೆ.

ಪ್ರಶ್ನೆ: ಡಾಟ್ ಪ್ಲಾಟ್ ಹೋಲಿಸೋವಾಗ ಸರಾಸರಿ, ಬಾಕ್ಸ್ ಪ್ಲಾಟಿಗೆ ಮೀಡಿಯನ್ ಅಂತ ಹೇಳಿಕೊಡ್ತಾರೆ. ಯಾಕೆ ಹೀಗೆ?

ಉತ್ತರ: ಬಾಕ್ಸ್ ಪ್ಲಾಟಲ್ಲಿ ಸರಾಸರಿ ಕಾಣೋದೇ ಇಲ್ಲ, ಲೆಕ್ಕ ಹಾಕೋಕೆ ಮೂಲ ಸಂಖ್ಯೆಗಳೂ ಇರಲ್ಲ, ಅದು ಒಂದು ಕಾರಣ. ಡಾಟ್ ಪ್ಲಾಟಲ್ಲಿ ಎಲ್ಲಾ ಸಂಖ್ಯೆಯೂ ಇರೋದ್ರಿಂದ ಎರಡೂ ಮಾಡಬಹುದು, ಯಾವುದು ಮಾಡ್ಬೇಕು ಅನ್ನೋದನ್ನ ಚುಕ್ಕಿಗಳ ಆಕಾರ ನೋಡಿ ತೀರ್ಮಾನಿಸಿ.

3, 4, 4, 5, 5, 5, 6, 6, 7 ತಗೊಳ್ಳಿ. ಸರಾಸರಿ 5, ಮೀಡಿಯನ್ 5. ಸರಾಸರಿಯಿಂದ ಪ್ರತಿಯೊಂದೂ ಎಷ್ಟು ದೂರ ಅಂತ ಕೂಡಿ ಒಂಬತ್ತರಿಂದ ಭಾಗಿಸಿದ್ರೆ ಸುಮಾರು 0.89, ಇದಕ್ಕೆ ಸರಾಸರಿ ವಿಚಲನೆ ಅಂತಾರೆ. ಈಗ ಕೊನೇ 7ನ್ನ ಅಳಿಸಿ 25 ಬರೀರಿ. ಸರಾಸರಿ 7 ಆಯ್ತು, ಉಳಿದ ಎಂಟರಲ್ಲಿ ಒಂದೂ 7ನ್ನ ಮುಟ್ಟಲ್ಲ! ಸರಾಸರಿ ವಿಚಲನೆ 0.89ರಿಂದ 4ಕ್ಕೆ ಹಾರಿತು. ಮೀಡಿಯನ್ ಮಾತ್ರ ಅದೇ 5, ಕ್ವಾರ್ಟೈಲ್ ಅದೇ 4 ಮತ್ತು 6, ಐಕ್ಯೂಆರ್ ಅದೇ 2. ಚುಕ್ಕಿಗಳು ಎರಡೂ ಕಡೆ ಸಮನಾಗಿ ಹರಡಿದ್ರೆ ಸರಾಸರಿ ಮತ್ತು ಸರಾಸರಿ ವಿಚಲನೆ ಜೋಡಿ ಚೆನ್ನಾಗಿದೆ, ಒಂದು ಕಡೆ ಬಾಲ ಎಳೆದಿದ್ರೆ ಮೀಡಿಯನ್ ಮತ್ತು ಐಕ್ಯೂಆರ್ ಜೋಡಿ. ಜೋಡಿ ಒಡೀಬೇಡಿ, ಒಂದು ಗುಂಪಿಗೆ ಸರಾಸರಿ ಇನ್ನೊಂದಕ್ಕೆ ಮೀಡಿಯನ್ ಅಂತೂ ಬೇಡವೇ ಬೇಡ.

ಪ್ರಶ್ನೆ: ಒಂದೇ ಜನರನ್ನ ಎರಡು ಸಲ ಅಳೆದಿದೀವಿ, ಮುಂಚೆ ಒಂದು ಸಲ ಆಮೇಲೆ ಒಂದು ಸಲ. ಎರಡು ಬಾಕ್ಸ್ ಪಕ್ಕಪಕ್ಕ ಹಾಕಿದ್ರೆ ಬಹಳ ಬೆರೆತಿದೆ, ಏನೂ ಬದಲಾವಣೆ ಆಗಿಲ್ಲ ಅನ್ನಿಸ್ತಿದೆ. ಹಾಗೇ ಬರೀಲಾ?

ಉತ್ತರ: ಬರೆಯೋ ಮುಂಚೆ ಇದನ್ನ ಪೂರ್ತಿ ಓದಿ, ನಿಮ್ಮ ಫಲಿತಾಂಶವೇ ಬದಲಾಗಬಹುದು. ನೀವು ಎರಡು ಬಾಕ್ಸ್ ಹಾಕಿದ ಕ್ಷಣದಲ್ಲೇ ಯಾರ ಮುಂಚಿನ ಅಳತೆ ಯಾರ ಆಮೇಲಿನ ಅಳತೆ ಅನ್ನೋ ಸಂಬಂಧ ಕಳೆದುಹೋಯ್ತು, ಬೇರೆ ಬೇರೆ ಜನ ಅನ್ನೋ ಹಾಗೆ ಹೋಲಿಸಿದ್ರಿ.

ಇದಕ್ಕೆ ನೂರು ವರ್ಷಕ್ಕೂ ಹಳೇ ಒಂದು ಡೇಟಾ ಇದೆ. 1905ರಲ್ಲಿ ಕುಶ್ನಿ ಮತ್ತು ಪೀಬಲ್ಸ್ ಅನ್ನೋರು ಪ್ರಕಟಿಸಿದ್ದು, 1908ರಲ್ಲಿ ವಿಲಿಯಂ ಗಾಸೆಟ್ ಅವರು ಸ್ಟೂಡೆಂಟ್ ಅನ್ನೋ ಹೆಸರಲ್ಲಿ ಬರೆದ ಹೆಸರಾಂತ ಲೇಖನದಲ್ಲಿ ಬಳಸಿದ್ರು. ಹತ್ತು ರೋಗಿಗಳಿಗೆ ಎರಡು ನಿದ್ರೆ ಔಷಧಿ, ಪ್ರತಿಯೊಂದರಿಂದ ಎಷ್ಟು ಗಂಟೆ ಜಾಸ್ತಿ ನಿದ್ರೆ ಬಂತು ಅಂತ. ಮೊದಲ ಔಷಧಿಗೆ ರೋಗಿಗಳ ಕ್ರಮದಲ್ಲೇ: 0.7, ಮೈನಸ್ 1.6, ಮೈನಸ್ 0.2, ಮೈನಸ್ 1.2, ಮೈನಸ್ 0.1, 3.4, 3.7, 0.8, 0, 2.0. ಎರಡನೇದಕ್ಕೆ: 1.9, 0.8, 1.1, 0.1, ಮೈನಸ್ 0.1, 4.4, 5.5, 1.6, 4.6, 3.4.

ಮೊದಲು ನಿಮ್ಮ ಥರಾನೇ ಎರಡು ಬಾಕ್ಸ್ ಹಾಕಿ. ಮೊದಲನೇದರ ಮೀಡಿಯನ್ 0.35, ಬಾಕ್ಸ್ ಮೈನಸ್ 0.2ರಿಂದ 2.0. ಎರಡನೇದರದ್ದು 1.75, ಬಾಕ್ಸ್ 0.8ರಿಂದ 4.4. ಮೀಡಿಯನ್ ವ್ಯತ್ಯಾಸ 1.4 ಗಂಟೆ, ಬಾಕ್ಸ್‌ಗಳ ಉದ್ದ 2.2 ಮತ್ತು 3.6, ಬೆರೆತಿವೆ, ಹತ್ತೇ ಜನ ಬೇರೆ. ಏನೋ ಸ್ವಲ್ಪ ಇದ್ದಂಗಿದೆ, ಖಚಿತ ಇಲ್ಲ ಅಂತ ಎದ್ದುಹೋಗಬೇಕು ಅಷ್ಟೇ.

ಈಗ ಪ್ರತಿ ರೋಗಿಗೂ ಎರಡನೇದರಿಂದ ಮೊದಲನೇದನ್ನ ಕಳೀರಿ: 1.2, 2.4, 1.3, 1.3, 0, 1.0, 1.8, 0.8, 4.6, 1.4. ಒಂದೇ ಒಂದು ಡಾಟ್ ಪ್ಲಾಟ್ ಹಾಕಿ, ಸೊನ್ನೆ ಹತ್ರ ಒಂದು ಉದ್ದ ಗೆರೆ ಎಳೀರಿ. ಹತ್ತರಲ್ಲಿ ಒಂಬತ್ತು ಚುಕ್ಕಿ ಗೆರೆಯ ಬಲಕ್ಕೆ, ಒಂದು ಗೆರೆ ಮೇಲೇ, ಎಡಕ್ಕೆ ಒಂದೂ ಇಲ್ಲ. ಮೀಡಿಯನ್ 1.3 ಗಂಟೆ, ಬಾಕ್ಸ್ 1.0ರಿಂದ 1.8, ಉದ್ದ ಬರೀ 0.8. ಬೆರೆತು ಮಸುಕಾಗಿದ್ದ ವಿಷಯ ಇಷ್ಟು ಸ್ಪಷ್ಟ ಆಯ್ತು. ಕಾರಣ ಏನಂದ್ರೆ ಕೆಲವರಿಗೆ ಯಾವ ಔಷಧಿ ಕೊಟ್ರೂ ಚೆನ್ನಾಗಿ ನಿದ್ರೆ ಬರುತ್ತೆ, ಕೆಲವರಿಗೆ ಯಾವುದರಿಂದಲೂ ಅಷ್ಟಾಗಿ ಬರಲ್ಲ, ಆ ಮನುಷ್ಯ ಮನುಷ್ಯನ ನಡುವಿನ ವ್ಯತ್ಯಾಸವೇ ಮೊದಲಿನ ಎರಡು ಬಾಕ್ಸ್‌ಗಳನ್ನ ಅಷ್ಟು ಉದ್ದ ಮಾಡಿತ್ತು, ಕಳೆದಾಗ ಅದು ಹೋಯ್ತು. ಆ 4.6 ಮೇಲಿನ ಬೇಲಿ 3.0 ದಾಟಿದೆ, ಔಟ್‌ಲೈಯರ್. ಅದನ್ನ ಅಲ್ಲೇ ಬಿಡಿ, ಆದ್ರೆ ಅವರನ್ನ ಪಕ್ಕಕ್ಕಿಟ್ಟು ನೋಡಿದ್ರೂ ಉಳಿದ ಒಂಬತ್ತರಲ್ಲಿ ಎಂಟು ಬಲಗಡೆಯೇ ಇವೆ ಅಂತ ರಿಪೋರ್ಟಲ್ಲಿ ಒಂದು ಸಾಲು ಸೇರಿಸಿ. ನಿಮ್ಮ ಡೇಟಾದಲ್ಲೂ ಹೀಗೇ ಕಳೆದು ನೋಡಿ, ಬದಲಾವಣೆ ಇದ್ರೂ ಇಲ್ಲದಿದ್ರೂ ಆಗ ಬರೆಯೋ ಮಾತಿಗೆ ಆಧಾರ ಇರುತ್ತೆ.

ಪ್ರಶ್ನೆ: ಬಾಕ್ಸ್ ಮತ್ತು ಡಾಟ್ ಎರಡನ್ನೂ ಒಂದೇ ಚಿತ್ರದಲ್ಲಿ ಹಾಕಬಹುದಾ?

ಉತ್ತರ: ಹಾಕಿ, ನನಗೆ ಅತಿ ಇಷ್ಟದ ಚಿತ್ರ ಅದೇ. ಬಾಕ್ಸನ್ನ ತಿಳಿ ಬಣ್ಣದಲ್ಲಿ ಹಿಂದೆ ಇಡಿ, ಚುಕ್ಕಿಗಳು ಮುಂದೆ, ಎರಡು ಗುಂಪೂ ಒಂದೇ ಸ್ಕೇಲಲ್ಲಿ ಒಂದರ ಕೆಳಗೊಂದು. ಸ್ಕೇಲ್ ಬೇರೆ ಬೇರೆ ಆದ್ರೆ ಎಲ್ಲಾ ವ್ಯರ್ಥ, ಸಾಫ್ಟ್‌ವೇರ್ ತಾನಾಗೇ ಪ್ರತಿ ಚಿತ್ರಕ್ಕೆ ಬೇರೆ ಸ್ಕೇಲ್ ಹಾಕಿಬಿಡುತ್ತೆ, ಅದನ್ನ ಕೈಯಾರೆ ಒಂದೇ ಮಾಡ್ಬೇಕು. ಕೈಯಲ್ಲಿ ಬರೆಯೋವಾಗ ಎಲ್ಲಾ ಚುಕ್ಕಿ ಒಂದೇ ಗಾತ್ರ, ಒಂದರ ಮೇಲೊಂದರ ಅಂತರವೂ ಒಂದೇ ಇರಲಿ, ಇಲ್ಲಾಂದ್ರೆ ನಾಲ್ಕು ಚುಕ್ಕಿ ಗುಡ್ಡೆ ಐದರದ್ದಕ್ಕಿಂತ ಎತ್ತರ ಕಾಣುತ್ತೆ. ಇನ್ನೊಂದು, ಎಲ್ಲಾ ಡೇಟಾಗೂ ಚುಕ್ಕಿ ಇಡ್ತಿರೋದ್ರಿಂದ ಬಾಕ್ಸ್ ಪ್ಲಾಟಿನ ಔಟ್‌ಲೈಯರ್ ಚುಕ್ಕಿ ಬರೋ ಆಯ್ಕೆಯನ್ನ ಆಫ್ ಮಾಡಿ, ಇಲ್ಲಾಂದ್ರೆ ಬೇಲಿ ಆಚೆ ಇರೋ ಒಬ್ಬರು ಚಿತ್ರದಲ್ಲಿ ಎರಡು ಸಲ ಬರ್ತಾರೆ, ನೋಡೋರು ಇಬ್ಬರು ಅಂತ ಎಣಿಸ್ತಾರೆ.